ಒಂದೇ ಸರ್ವರ್, ಆರು ವಿಎಂ: ವಿಸೆಂಟರ್ ಇಲ್ಲದೆ ನಡೆಸಬಹುದಾ?

ಪ್ರಶ್ನೆ: ದಾವಣಗೆರೆಯಲ್ಲಿ ಔಷಧದ ಸಗಟು ವ್ಯಾಪಾರ ಮಾಡುವ ಕಂಪನಿಯೊಂದರಲ್ಲಿ ಐಟಿ ಕೆಲಸ ಪೂರ್ತಿ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಇರೋದು ಒಂದೇ ಸರ್ವರ್. ಎರಡು ಪ್ರೊಸೆಸರ್, 128 ಜಿಬಿ ಮೆಮೊರಿ. ವಿಎಂವೇರ್‌ನ ಇಎಸ್‌ಎಕ್ಸ್‌ಐ 7 ಹಾಕಿ ಆರು ವಿಎಂ (ಒಂದೇ ಸರ್ವರ್ ಒಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ಓಡುವ ವರ್ಚುವಲ್ ಮೆಷಿನ್) ನಡೆಸುತ್ತಿದ್ದೇವೆ. ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವುದು), ಫೈಲ್ ಸರ್ವರ್, ಟ್ಯಾಲಿ, ಬಿಲ್ಲಿಂಗ್‌ನ ಎಸ್‌ಕ್ಯೂಎಲ್ ಡೇಟಾಬೇಸ್, ಬಯೋಮೆಟ್ರಿಕ್ ಹಾಜರಿ, ಮತ್ತೊಂದು ಸಣ್ಣ ಲಿನಕ್ಸ್. ಇವನ್ನೆಲ್ಲ ಒಂದೇ ಕಡೆಯಿಂದ ನಿರ್ವಹಿಸುವ ವಿಎಂವೇರ್‌ನದೇ ಸಾಫ್ಟ್‌ವೇರ್ ವಿಸೆಂಟರ್ ಇಲ್ಲ. "ವಿಸೆಂಟರ್ ಇಲ್ಲದೆ ನಡೆಸೋದು ಅಪಾಯ" ಅಂತ ಮಾರಾಟಗಾರರು ದೊಡ್ಡ ಮೊತ್ತದ ಕೊಟೇಶನ್ ಕೊಟ್ಟಿದ್ದಾರೆ. ಅದು ಬೇಕೇ ಬೇಕಾ ಸರ್? ಬೇಡ ಅಂದ್ರೆ ನಾನು ಏನೇನು ನೋಡಿಕೊಳ್ಳಬೇಕು? ಎರಡನೇ ಸರ್ವರ್ ತಗೊಂಡರೆ ಮಾತು ಬದಲಾಗುತ್ತಾ?

ಉತ್ತರ: ಬೇಡ. ಒಂದು ಸರ್ವರ್, ಆರು ವಿಎಂ ಇರುವ ಕಡೆ ವಿಸೆಂಟರ್‌ಗೆ ದುಡ್ಡು ಹಾಕಬೇಕಿಲ್ಲ. ಹಾಗಂತ ಮಾರಾಟಗಾರರ ಮಾತು ಪೂರ್ತಿ ಸುಳ್ಳೂ ಅಲ್ಲ. ವಿಸೆಂಟರ್ ಮಾಡುವ ಕೆಲಸಗಳಲ್ಲಿ ಕೆಲವು ನಿಮಗೂ ಬೇಕು. ಸಾಫ್ಟ್‌ವೇರ್ ಇಲ್ಲ ಅಂದ ಮಾತ್ರಕ್ಕೆ ಆ ಕೆಲಸಗಳು ಮಾಯವಾಗಲ್ಲ, ನಿಮ್ಮ ಹೆಗಲಿಗೆ ಬರುತ್ತವೆ. ಯಾವುದು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಭಯವಿಲ್ಲ. ಗೊತ್ತಿಲ್ಲದೆ ನಡೆಸಿದರೆ ನಿಜವಾಗಲೂ ಅಪಾಯವೇ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ವಿಎಂ ಓಡಿಸೋದು ಸರ್ವರ್ ಮೇಲಿರುವ ಹೈಪರ್‌ವೈಸರ್. ನಿಮ್ಮಲ್ಲಿ ಅದು ಇಎಸ್‌ಎಕ್ಸ್‌ಐ. ವಿಸೆಂಟರ್ ಅದರ ಮೇಲೆ ಕೂತು "ಇದನ್ನು ಶುರು ಮಾಡು, ಅದನ್ನು ಆ ಸರ್ವರ್‌ಗೆ ಸಾಗಿಸು" ಅಂತ ಹೇಳುವ ಮೇಸ್ತ್ರಿ ಇದ್ದಹಾಗೆ. ಮೇಸ್ತ್ರಿ ರಜೆ ಹಾಕಿದರೆ ಕಟ್ಟಿದ ಗೋಡೆ ಬೀಳಲ್ಲ. ವಿಸೆಂಟರ್ ಇರುವ ದೊಡ್ಡ ಕಂಪನಿಗಳಲ್ಲೂ ಅದು ಕೆಟ್ಟು ನಿಂತಾಗ ವಿಎಂಗಳು ತಮ್ಮ ಪಾಡಿಗೆ ಓಡುತ್ತಲೇ ಇರುತ್ತವೆ.

ಹಾಗಾದರೆ ನೀವು ಕಳೆದುಕೊಳ್ಳುತ್ತಿರೋದು ಏನು? ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸುವ ವಿಮೋಶನ್ ಇಲ್ಲ. ಒಂದು ಸರ್ವರ್ ಸತ್ತರೆ ಅದರ ವಿಎಂಗಳನ್ನು ಇನ್ನೊಂದರಲ್ಲಿ ತಾನಾಗಿ ಎಬ್ಬಿಸುವ ಎಚ್‌ಎ ಇಲ್ಲ. ಭಾರ ಹಂಚುವ ಡಿಆರ್‌ಎಸ್ ಇಲ್ಲ. ಆದರೆ ಈ ಮೂರಕ್ಕೂ ಕನಿಷ್ಠ ಎರಡು ಸರ್ವರ್ ಬೇಕು ಅಲ್ವಾ? ನಿಮ್ಮಲ್ಲಿ ಇರೋದು ಒಂದು. ಇಲ್ಲದ ಎರಡನೇ ಸರ್ವರ್‌ಗಾಗಿ ವಿಸೆಂಟರ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಒಂದು ವಿಎಂನಿಂದ ಇನ್ನೊಂದನ್ನು ಮಾಡಿಕೊಳ್ಳುವ ಟೆಂಪ್ಲೇಟ್ ಮತ್ತು ಕ್ಲೋನ್ ಸೌಲಭ್ಯವೂ ಹೋಗುತ್ತದೆ. ಆರು ವಿಎಂ ಇರುವ ಕಡೆ ಅದರಿಂದ ತೊಂದರೆಯಿಲ್ಲ. ನಿಜವಾಗಿ ಕೊರತೆ ಅನಿಸೋದು ಎಚ್ಚರಿಕೆ ಮೇಲ್‌ಗಳದ್ದು. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಲೆಕ್ಕ ನೋಡಿ. ವಿಸೆಂಟರ್ ಕೂಡ ಒಂದು ವಿಎಂ. 8ನೇ ಆವೃತ್ತಿಯಲ್ಲಿ ಅದರ ಅತಿ ಚಿಕ್ಕ ಗಾತ್ರಕ್ಕೇ 14 ಜಿಬಿ ಮೆಮೊರಿ ಬೇಕು. ಆ ಗಾತ್ರ 10 ಸರ್ವರ್, 100 ವಿಎಂ ನೋಡಿಕೊಳ್ಳಲು ಮಾಡಿದ್ದು. ನಿಮ್ಮ ಆರು ವಿಎಂ ನೋಡಿಕೊಳ್ಳಲು ಇರುವ 128 ಜಿಬಿಯಲ್ಲಿ 14 ಬಿಟ್ಟುಕೊಡೋದು ದಂಡ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದ ಮಾತಿಗೆ ಬರುತ್ತೇನೆ. ಅದು ವಿಸೆಂಟರ್ ಇಲ್ಲದಿರೋದಲ್ಲ, ಇಎಸ್‌ಎಕ್ಸ್‌ಐ 7 ಇನ್ನೂ ಓಡುತ್ತಿರೋದು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿದಿದೆ. ಭದ್ರತೆಯಲ್ಲಿ ಹೊಸ ರಂಧ್ರ ಪತ್ತೆಯಾದರೆ ಅದನ್ನು ಮುಚ್ಚುವ ಪ್ಯಾಚ್ ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಇಲ್ಲಿಂದ ಹೊರಡಲೇಬೇಕು.

ಹೋಗೋದು ಎಲ್ಲಿಗೆ? ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡರೆ ಸದಾಕಾಲ ಬಳಸಬಹುದಾದ ಲೈಸೆನ್ಸ್ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ಬಂತು. ಲೆಕ್ಕ ಕೋರ್‌ಗಳ ಮೇಲೆ. ಒಂದು ಪ್ರೊಸೆಸರ್‌ನಲ್ಲಿ 8 ಕೋರ್ ಇದ್ದರೂ 16ಕ್ಕೆ ಹಣ ಕಟ್ಟಬೇಕು. ನಿಮ್ಮ ಕೊಟೇಶನ್ ದೊಡ್ಡದಾಗಿ ಕಾಣಲು ಇದೂ ಒಂದು ಕಾರಣ ಇರಬಹುದು, ನೋಡಿ. 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಂತಿತು. 2025ರ ಏಪ್ರಿಲ್‌ನಲ್ಲಿ 8.0 ಅಪ್‌ಡೇಟ್ 3ಇ ಜೊತೆ ಮತ್ತೆ ಬಂತು. ಈ ಉಚಿತ ಆವೃತ್ತಿಗೆ ವಿಸೆಂಟರ್ ಸೇರಿಸಲು ಆಗಲ್ಲ. ನಿಮಗೆ ಅದು ಬೇಕಾಗಿಯೂ ಇಲ್ಲ. ಆದರೆ ಒಂದು ತೊಡಕಿದೆ. ಬ್ಯಾಕಪ್ ಸಾಫ್ಟ್‌ವೇರ್‌ಗಳು ಹೊರಗಿನಿಂದ ವಿಎಂ ಡಿಸ್ಕ್ ಓದಿಕೊಳ್ಳುವ ಬಾಗಿಲನ್ನು ಇದರಲ್ಲಿ ಮುಚ್ಚಿದ್ದಾರೆ. ಪ್ರತಿ ವಿಂಡೋಸ್ ಒಳಗೂ ಏಜೆಂಟ್ ಹಾಕಿ ಬ್ಯಾಕಪ್ ತೆಗೆಯಬೇಕು. ಆಗದ ಕೆಲಸವೇನಲ್ಲ, ಆದರೆ ಒಬ್ಬರೇ ಇರುವ ನಿಮಗೆ ಜಾಸ್ತಿ ಕಿರಿಕಿರಿ. ಯಾರನ್ನಾದರೂ ಕೇಳೋಣ ಅಂದರೆ ಬೆಂಬಲವೂ ಇರಲ್ಲ. 8ನೇ ಆವೃತ್ತಿ ಕೆಲವು ಹಳೇ ಪ್ರೊಸೆಸರ್‌ಗಳನ್ನು ಒಪ್ಪಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಬೇಕು.

ವಿಂಡೋಸ್ ಸರ್ವರ್ ಲೈಸೆನ್ಸ್ ಈಗಾಗಲೇ ಇದ್ದರೆ ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಹೈಪರ್-ವಿ ಒಂದು ದಾರಿ. ಅದರ ಜೊತೆಗೇ ಬರುವ ಹೈಪರ್-ವಿ ಮ್ಯಾನೇಜರ್ ಒಂದು ಸರ್ವರ್‌ಗೆ ಧಾರಾಳವಾಗಿ ಸಾಕು. ಬರೀ ಲಿನಕ್ಸ್ ಹಾಕಿ, ಅದರದೇ ಹೈಪರ್‌ವೈಸರ್ ಕೆವಿಎಂ, ಅದನ್ನು ನಡೆಸುವ ಲಿಬ್‌ವರ್ಟ್ ಇಟ್ಟುಕೊಂಡು ಕಮಾಂಡ್ ಲೈನ್‌ನಲ್ಲೇ ಎಲ್ಲವನ್ನೂ ಮಾಡುವವರಿದ್ದಾರೆ. ಅದು ಗಟ್ಟಿ ವ್ಯವಸ್ಥೆ. ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ. ಆದರೆ ನೀವು ರಜೆಯಲ್ಲಿದ್ದಾಗ ಇನ್ನೊಬ್ಬರು ಬಂದು ಒಂದು ವಿಎಂ ರೀಸ್ಟಾರ್ಟ್ ಮಾಡಬೇಕಾದರೆ ಪರದಾಡುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ರಾಕ್ಸ್‌ಮಾಕ್ಸ್ ವಿಇ ಹಾಕುತ್ತಿದ್ದೆ. ಆಸ್ಟ್ರಿಯಾದ ವಿಯೆನ್ನಾದ ಕಂಪನಿ 2008ರಿಂದ ಹೊರತರುತ್ತಿರುವ ಸಾಫ್ಟ್‌ವೇರ್ ಇದು. ತಳದಲ್ಲಿ ಡೆಬಿಯನ್ ಲಿನಕ್ಸ್, ಅದರ ಮೇಲೆ ಕೆವಿಎಂ. ಮುಕ್ತ ಆಕರದ್ದು. ಇದರಲ್ಲಿ ಕೇಂದ್ರ ಸರ್ವರ್ ಅನ್ನುವ ಪ್ರತ್ಯೇಕ ವಸ್ತುವೇ ಇಲ್ಲ. ಪ್ರತಿ ಸರ್ವರ್ ಒಳಗೂ ಅದರದೇ ವೆಬ್ ಪುಟ ಇರುತ್ತದೆ. ಬ್ರೌಸರ್‌ನಲ್ಲಿ 8006 ಪೋರ್ಟ್ ತೆರೆದರೆ ವಿಎಂ, ಡಿಸ್ಕ್, ನೆಟ್‌ವರ್ಕ್, ಬ್ಯಾಕಪ್ ಎಲ್ಲವೂ ಅಲ್ಲೇ. ನೀವು ಕೇಳಿದ ಹಾಗೆ ವಿಸೆಂಟರ್ ಇಲ್ಲದೆ ನಡೆಸುವುದಕ್ಕೆ ಇದಕ್ಕಿಂತ ಹೊಂದುವಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಯಾವುದನ್ನು ಆರಿಸಿಕೊಂಡರೂ ಮುಂದೆ ಹೇಳುವ ಕೆಲಸಗಳು ನಿಮಗೆ ತಪ್ಪಲ್ಲ.

ಮೊದಲನೆಯದು ಬ್ಯಾಕಪ್. ಇಲ್ಲಿ ಸ್ನ್ಯಾಪ್‌ಶಾಟ್ (ವಿಎಂ ಅನ್ನು ಆ ಕ್ಷಣದ ಸ್ಥಿತಿಗೆ ಹಿಂತಿರುಗಿಸಲು ಇಡುವ ಗುರುತು) ಬಗ್ಗೆ ಹೇಳಲೇಬೇಕು, ಯಾಕಂದ್ರೆ ಒಂಟಿ ಸರ್ವರ್‌ಗಳಲ್ಲಿ ಅದನ್ನೇ ಬ್ಯಾಕಪ್ ಅಂದುಕೊಂಡವರು ತುಂಬಾ ಜನ. ಇಎಸ್‌ಎಕ್ಸ್‌ಐಯಲ್ಲಿ ಸ್ನ್ಯಾಪ್‌ಶಾಟ್ ತೆಗೆದಾಗ ಡಿಸ್ಕ್‌ನ ನಕಲು ಆಗಲ್ಲ. ಹಳೇ ಡಿಸ್ಕ್ ಫೈಲ್‌ಗೆ ಬರೆಯೋದು ನಿಲ್ಲುತ್ತದೆ. ಅಲ್ಲಿಂದ ಮುಂದಿನ ಬದಲಾವಣೆಯೆಲ್ಲ ಒಂದು ಡೆಲ್ಟಾ ಫೈಲ್‌ಗೆ ಹೋಗುತ್ತದೆ. ಹಳೇ ಫೈಲ್ ಕೆಟ್ಟರೆ ಡೆಲ್ಟಾ ಇದ್ದೂ ಉಪಯೋಗವಿಲ್ಲ. ಎರಡೂ ಅದೇ ಡಿಸ್ಕ್ ಮೇಲೆಯೇ ಇರುತ್ತವೆ. ಜೊತೆಗೆ ಆ ಡೆಲ್ಟಾ ಬೆಳೆಯುತ್ತಲೇ ಹೋಗುತ್ತದೆ. 500 ಜಿಬಿ ಡಿಸ್ಕ್‌ನ ಡೆಲ್ಟಾ ಕೊನೆಗೆ ಸುಮಾರು 500 ಜಿಬಿಯೇ ಆಗಬಹುದು. ವಿಎಂ ಫೈಲ್‌ಗಳಿರುವ ಡೇಟಾಸ್ಟೋರ್ ತುಂಬಿತು ಅಂದ್ರೆ, ಜಾಗ ಬೇಕಾದ ವಿಎಂಗಳು ಇದ್ದಲ್ಲೇ ನಿಂತುಬಿಡುತ್ತವೆ. ಬಿಲ್ಲಿಂಗ್ ಜೋರಾಗಿರುವ ಹೊತ್ತಲ್ಲಿ ಹೀಗಾದರೆ ಕೌಂಟರ್‌ನಲ್ಲಿ ನಿಂತವರಿಗೆ ಏನು ಹೇಳ್ತೀರಿ? ಸ್ನ್ಯಾಪ್‌ಶಾಟ್ ಒಂದನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಅಂತ ವಿಎಂವೇರ್ ತಾನೇ ಹೇಳುತ್ತದೆ. ಅಪ್‌ಡೇಟ್ ಹಾಕುವ ಮುಂಚೆ ತೆಗೆಯಿರಿ, ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಅಳಿಸಿ. ಇವತ್ತೇ ನಿಮ್ಮ ಆರೂ ವಿಎಂಗಳ ಸ್ನ್ಯಾಪ್‌ಶಾಟ್ ಪಟ್ಟಿ ತೆರೆದು ನೋಡಿ. ಎರಡು ವರ್ಷದ ಹಿಂದಿನದು ಕಂಡರೆ ಕೆಲಸದ ಹೊತ್ತಲ್ಲಿ ಅಳಿಸಬೇಡಿ. ಅಳಿಸೋದು ಅಂದರೆ ಡೆಲ್ಟಾವನ್ನು ಹಳೇ ಫೈಲ್ ಜೊತೆ ಬೆಸೆಯೋದು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತು ಡಿಸ್ಕ್ ನಿಧಾನವಾಗುತ್ತದೆ. ಶನಿವಾರ ರಾತ್ರಿ ಮಾಡಿ.

ನಿಜವಾದ ಬ್ಯಾಕಪ್ ಇನ್ನೊಂದು ಮೆಷಿನ್‌ನಲ್ಲಿರಬೇಕು. ಪ್ರಾಕ್ಸ್‌ಮಾಕ್ಸ್‌ನಲ್ಲಾದರೆ ರಾತ್ರಿ ಹೊತ್ತಿಗೆ ಶೆಡ್ಯೂಲ್ ಹಾಕಿ, ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಎರಡು ಹೊಸ ಡಿಸ್ಕ್ ಹಾಕಿಸಿ ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಇಡಬಹುದು. ಮೊದಲ ದಿನ ಪೂರ್ತಿ ಡಿಸ್ಕ್ ಹೋಗುತ್ತದೆ, ಆಮೇಲೆ ಬದಲಾದ ತುಂಡುಗಳು ಮಾತ್ರ. ಆ ಬ್ಯಾಕಪ್ ಮೆಷಿನ್ ಅನ್ನು ಡೊಮೇನ್‌ಗೆ ಸೇರಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಡೊಮೇನ್‌ನ ಅಡ್ಮಿನ್ ಪಾಸ್‌ವರ್ಡ್ ಕದ್ದವರಿಗೆ ಬ್ಯಾಕಪ್ ಕೂಡ ಸಿಗುತ್ತದೆ. ಇನ್ನೂ ಒಂದು ಕಾರಣ ಇದೆ. ಡೊಮೇನ್ ಕಂಟ್ರೋಲರ್ ವಿಎಂ ಸತ್ತ ದಿನ ಅದನ್ನು ಎಬ್ಬಿಸಲು ಬ್ಯಾಕಪ್ ಬೇಕು, ಬ್ಯಾಕಪ್‌ಗೆ ಲಾಗಿನ್ ಆಗಲು ಡೊಮೇನ್ ಕಂಟ್ರೋಲರ್ ಬೇಕು. ಆ ಗಂಟಲ್ಲಿ ಸಿಕ್ಕಿಕೊಳ್ಳಬೇಡಿ. ಬ್ಯಾಕಪ್ ಜಾಗವನ್ನು ಹೆಸರಿನಿಂದ ಕರೆಯದೆ ಐಪಿ ವಿಳಾಸದಿಂದಲೇ ಸೇರಿಸಿ, ಯಾಕಂದ್ರೆ ಹೆಸರು ಬಿಡಿಸಿ ಹೇಳುವ ಡಿಎನ್‌ಎಸ್ ಕೂಡ ಅದೇ ಸತ್ತ ವಿಎಂನಲ್ಲಿರುತ್ತದೆ.

ರೀಸ್ಟೋರ್ ಮಾಡಿ ನೋಡದ ಬ್ಯಾಕಪ್ ಮೇಲೆ ಭರವಸೆ ಇಡಬೇಡಿ. ಪರೀಕ್ಷೆ ಕಷ್ಟವಿಲ್ಲ. ಟ್ಯಾಲಿ ವಿಎಂನ ನಿನ್ನೆಯ ಬ್ಯಾಕಪ್ ಅನ್ನು ಬೇರೆ ನಂಬರ್ ಕೊಟ್ಟು ರೀಸ್ಟೋರ್ ಮಾಡಿ. ಶುರು ಮಾಡುವ ಮುಂಚೆ ಅದರ ನೆಟ್‌ವರ್ಕ್ ಕಾರ್ಡ್ ಡಿಸ್‌ಕನೆಕ್ಟ್ ಮಾಡಿ. ಇಲ್ಲದಿದ್ದರೆ ಒಂದೇ ಹೆಸರು, ಒಂದೇ ಐಪಿಯ ಎರಡು ಮೆಷಿನ್ ಜಗಳಕ್ಕೆ ನಿಲ್ಲುತ್ತವೆ. ಆಮೇಲೆ ಕನ್ಸೋಲ್‌ನಲ್ಲಿ ಒಳಗೆ ಹೋಗಿ, ಕಂಪನಿ ತೆರೆದು ಡೇ ಬುಕ್ ನೋಡಿ. ನಿನ್ನೆ ಸಂಜೆಯ ಕೊನೆಯ ವೋಚರ್ ಕಾಣಿಸಿತಾ? ಬ್ಯಾಕಪ್ ಸರಿಯಿದೆ. ಎಷ್ಟು ಹೊತ್ತು ಹಿಡಿಯಿತು ಅಂತಲೂ ಬರೆದಿಟ್ಟುಕೊಳ್ಳಿ. 500 ಜಿಬಿಯ ಡಿಸ್ಕ್ ಒಂದು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಪೂರ್ತಿ ವೇಗದಲ್ಲಿ ಬಂದರೂ ಸುಮಾರು 75 ನಿಮಿಷ ಬೇಕು. "ಸರ್ವರ್ ಹೋದರೆ ಎಷ್ಟು ಹೊತ್ತಲ್ಲಿ ಸರಿಯಾಗುತ್ತದೆ?" ಅಂತ ಮಾಲೀಕರು ಕೇಳಿದಾಗ ಕೊಡಬೇಕಾದ ಉತ್ತರ ಇದರಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಬೇರೆ ಬೇರೆ ವಿಎಂ ಹಿಡಿದು ಹೀಗೆ ಮಾಡಿ.

ಎರಡನೆಯದು ಕರೆಂಟ್. ನಮ್ಮ ಕಡೆ ಇದನ್ನು ಬಿಟ್ಟು ಸರ್ವರ್ ಬಗ್ಗೆ ಮಾತಾಡೋದೇ ಸಾಧ್ಯವಿಲ್ಲ. ಕರೆಂಟ್ ಹೋಗಿ ಬಂದಾಗ ಸರ್ವರ್ ತಾನಾಗಿ ಏಳಬೇಕಾ ಅನ್ನೋದು ಬಯಾಸ್‌ನಲ್ಲಿರುತ್ತದೆ, ನೋಡಿ. ಸರ್ವರ್ ಎದ್ದ ಮೇಲೆ ವಿಎಂಗಳು ತಾವಾಗಿ ಏಳಲ್ಲ. ಯಾವುದು ಏಳಬೇಕು, ಯಾವ ಸರದಿಯಲ್ಲಿ ಅಂತ ನೀವೇ ಹೇಳಬೇಕು. ಇಎಸ್‌ಎಕ್ಸ್‌ಐಯಲ್ಲಿ ಇದು ಆಟೋಸ್ಟಾರ್ಟ್ ಅನ್ನುವ ಪುಟದಲ್ಲಿದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ರತಿ ವಿಎಂನ ಆಪ್ಶನ್ಸ್‌ನಲ್ಲಿ.

ನಿಮ್ಮ ಆರಕ್ಕೆ ಸರದಿ ಹೀಗಿರಲಿ. ಮೊದಲು ಡೊಮೇನ್ ಕಂಟ್ರೋಲರ್. ಅದು ಎದ್ದು ಡಿಎನ್‌ಎಸ್ ಕೊಡಲು ಶುರು ಮಾಡುವ ತನಕ 120 ಸೆಕೆಂಡ್ ಬಿಡಿ. ಆಮೇಲೆ ಎಸ್‌ಕ್ಯೂಎಲ್, ಫೈಲ್ ಸರ್ವರ್. ಮತ್ತೆ ಒಂದು ನಿಮಿಷ ಬಿಟ್ಟು ಟ್ಯಾಲಿ. ಹಾಜರಿ ಮತ್ತು ಲಿನಕ್ಸ್ ಕೊನೆಗೆ. ಎಲ್ಲವೂ ಒಟ್ಟಿಗೆ ಎದ್ದರೆ ಡೊಮೇನ್ ಸಿಗದೆ, ಸರ್ವಿಸ್‌ಗಳು ಶುರುವಾಗದೆ, ಬೆಳಿಗ್ಗೆ ನೀವು ಒಂದೊಂದನ್ನೇ ಕೈಯಾರೆ ರೀಸ್ಟಾರ್ಟ್ ಮಾಡುತ್ತಾ ಕೂರಬೇಕಾಗುತ್ತದೆ. ಆರಿಸುವಾಗ ಇದೇ ಸರದಿ ತಿರುವುಮುರುವು. ಆರಿಸೋದು ಅಂದರೆ ಒಳಗಿನ ವಿಂಡೋಸ್‌ಗೆ ಹೇಳಿ ಶಟ್‌ಡೌನ್ ಮಾಡಿಸೋದು, ಪವರ್ ಕಿತ್ತುಹಾಕೋದಲ್ಲ. ಅದಕ್ಕೆ ಒಳಗೆ ವಿಎಂವೇರ್ ಟೂಲ್ಸ್ ಇರಬೇಕು. ಪ್ರಾಕ್ಸ್‌ಮಾಕ್ಸ್‌ನಲ್ಲಾದರೆ ಕ್ಯೂಇಎಂಯು ಗೆಸ್ಟ್ ಏಜೆಂಟ್ ಹಾಕಿ.

ಯುಪಿಎಸ್ ಇದ್ದರೆ ಸಾಲದು, ಬ್ಯಾಟರಿ ಮುಗಿಯುತ್ತಾ ಬಂದಿದೆ ಅಂತ ಅದು ಸರ್ವರ್‌ಗೆ ಹೇಳಬೇಕು. ಯುಪಿಎಸ್‌ನಿಂದ ಯುಎಸ್‌ಬಿ ಕೇಬಲ್ ಎಳೆದು ಪ್ರಾಕ್ಸ್‌ಮಾಕ್ಸ್ ಮೇಲೆ ನಟ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದರೆ ಈ ಕೆಲಸ ಆಗುತ್ತದೆ. ಆರೂ ವಿಎಂ ಮರ್ಯಾದೆಯಿಂದ ಆರಲು ಎಷ್ಟು ನಿಮಿಷ ಬೇಕು ಅಂತ ಒಂದು ಭಾನುವಾರ ಅಳೆಯಿರಿ. ಅದರ ಎರಡರಷ್ಟು ಹೊತ್ತಿನ ಬ್ಯಾಟರಿ ಉಳಿದಿರುವಾಗಲೇ ಶಟ್‌ಡೌನ್ ಶುರುವಾಗುವ ಹಾಗೆ ಇಡಿ.

ಈಗ ಎಚ್ಚರಿಕೆ ಮೇಲ್. ಡಿಸ್ಕ್ ಕೆಟ್ಟರೆ, ಡೇಟಾಸ್ಟೋರ್ ತುಂಬಿದರೆ ಮೇಲ್ ಕಳಿಸೋದು ವಿಸೆಂಟರ್‌ನ ಕೆಲಸ. ಬರೀ ಇಎಸ್‌ಎಕ್ಸ್‌ಐ ಅದನ್ನು ಮಾಡಲ್ಲ. ಹಲವು ಡಿಸ್ಕ್ ಜೋಡಿಸಿದ ರೇಡ್‌ನಲ್ಲಿ ಒಂದು ಡಿಸ್ಕ್ ಸತ್ತರೆ ಹೊರಗೆ ಏನೂ ಗೊತ್ತಾಗಲ್ಲ, ಎಲ್ಲವೂ ಓಡುತ್ತಲೇ ಇರುತ್ತದೆ. ಎರಡನೇದು ಸತ್ತ ದಿನ ಎಲ್ಲ ಮುಗಿದಿರಬಹುದು. ಇದಕ್ಕೆ ಸುಲಭ ದಾರಿ ನಿಮ್ಮ ಸರ್ವರ್ ಒಳಗೇ ಇದೆ. ಸರ್ವರ್‌ನ ಆರೋಗ್ಯ ನೋಡಿಕೊಳ್ಳುವ ಒಂದು ಚಿಪ್ ಅದು. ಡೆಲ್ ಆದರೆ ಐಡ್ರಾಕ್, ಎಚ್‌ಪಿಇ ಆದರೆ ಐಎಲ್‌ಒ. ಅದರಲ್ಲಿ ಮೇಲ್ ವಿಳಾಸ ತುಂಬಿಸಿ ಟೆಸ್ಟ್ ಮೇಲ್ ಕಳಿಸಿ ನೋಡಿ. ಡಿಸ್ಕ್, ಫ್ಯಾನ್, ಪವರ್ ಸಪ್ಲೈ ಕೆಟ್ಟರೆ ಅದೇ ಹೇಳುತ್ತದೆ. ಬ್ಯಾಕಪ್ ಆದದ್ದು, ಆಗದ್ದು ಎರಡಕ್ಕೂ ಪ್ರಾಕ್ಸ್‌ಮಾಕ್ಸ್ ಮೇಲ್ ಕಳಿಸುವ ಹಾಗೆ ಇಡಿ. ಬೆಳಿಗ್ಗೆ ಮೇಲ್ ಬರಲಿಲ್ಲ ಅಂದರೆ ಅದೂ ಒಂದು ಸುದ್ದಿಯೇ.

ಭದ್ರತೆಯಲ್ಲಿ ಒಂದು ಮಾತಿಗೆ ರಾಜಿ ಬೇಡ. ಸರ್ವರ್ ನಿರ್ವಹಣೆಯ ಪುಟವನ್ನು ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಮನೆಯಿಂದ ನೋಡಬೇಕಾದರೆ ವಿಪಿಎನ್ ಮೂಲಕ ಬನ್ನಿ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐಆರ್ಗ್ಸ್ ಅನ್ನುವ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಸಾವಿರಾರು ಸರ್ವರ್‌ಗಳ ವಿಎಂ ಫೈಲ್‌ಗಳಿಗೆ ಬೀಗ ಹಾಕಿತು. ಅದು ನುಗ್ಗಿದ್ದು ಇಂಟರ್‌ನೆಟ್‌ಗೆ ತೆರೆದಿಟ್ಟ, ಹಳೇ ಆವೃತ್ತಿಯ ಇಎಸ್‌ಎಕ್ಸ್‌ಐ ಒಳಗೆ ಅಂತ ಹೇಳಲಾಯಿತು. ಅದು ಬಳಸಿದ ರಂಧ್ರಕ್ಕೆ ಪ್ಯಾಚ್ ಬಂದು ಆಗಲೇ ಎರಡು ವರ್ಷವಾಗಿತ್ತು. ಇಎಸ್‌ಎಕ್ಸ್‌ಐಯನ್ನು ಡೊಮೇನ್‌ಗೆ ಸೇರಿಸಿದ್ದರೆ ಅದನ್ನೂ ಬಿಡಿಸಿ. "ಇಎಸ್‌ಎಕ್ಸ್ ಅಡ್ಮಿನ್ಸ್" ಅಂತ ಒಂದು ಗುಂಪು ಡೊಮೇನ್‌ನಲ್ಲಿ ಮಾಡಿದರೆ ಸಾಕು, ಅದರ ಸದಸ್ಯರಿಗೆಲ್ಲ ಸರ್ವರ್‌ನ ಪೂರ್ತಿ ಅಧಿಕಾರ ಸಿಗುತ್ತಿತ್ತು. ರಾನ್ಸಮ್‌ವೇರ್ ಗುಂಪುಗಳು ಇದನ್ನು ಬಳಸುತ್ತಿವೆ ಅಂತ ಮೈಕ್ರೋಸಾಫ್ಟ್ 2024ರ ಜುಲೈನಲ್ಲಿ ಹೇಳಿತು.

ಕೊನೆಯದು ಬರವಣಿಗೆ. ಒಂದು ಪುಟ ಸಾಕು. ಪ್ರತಿ ವಿಎಂಗೆ ಎಷ್ಟು ಮೆಮೊರಿ, ಎಷ್ಟು ಕೋರ್, ಯಾವ ಐಪಿ, ಯಾವ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ), ಬಯಾಸ್ ಬೂಟಾ ಯುಇಎಫ್‌ಐ ಬೂಟಾ, ಡಿಸ್ಕ್ ಯಾವ ಕಂಟ್ರೋಲರ್‌ನಲ್ಲಿದೆ. ಡಿಸ್ಕ್ ಫೈಲ್ ಉಳಿದು ಕಾನ್ಫಿಗ್ ಫೈಲ್ ಹೋದರೆ ಈ ಪುಟ ನೋಡಿಯೇ ವಿಎಂ ಅನ್ನು ಮತ್ತೆ ಕಟ್ಟಬೇಕು. ಮ್ಯಾಕ್ ವಿಳಾಸ ಯಾಕೆ ಅಂದರೆ, ಅದನ್ನು ನೋಡಿ ಲೈಸೆನ್ಸ್ ಕೊಡುವ ಸಾಫ್ಟ್‌ವೇರ್‌ಗಳಿವೆ. ಮ್ಯಾಕ್ ಬದಲಾದರೆ ಅವು ಏಳಲ್ಲ. ಪ್ರಿಂಟ್ ತೆಗೆದು ಮಾಲೀಕರ ಕಪಾಟಿನಲ್ಲಿ ಇಡಿಸಿ.

ಪ್ರಾಕ್ಸ್‌ಮಾಕ್ಸ್‌ಗೆ ಹೋಗುವ ದಾರಿಯಲ್ಲಿ ನಿಮಗೆ ಬರುವ ದೊಡ್ಡ ಅಡ್ಡಿ ಜಾಗದ್ದು. ಇದ್ದ ಸರ್ವರ್ ಮೇಲೇ ಹಾಕಿದರೆ ಹಳೇ ಡಿಸ್ಕ್ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಇನ್ನೊಂದು ಮೆಷಿನ್ ಬೇಕು. ಬಾಡಿಗೆಗಾದರೂ ತನ್ನಿ. ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿ, ಒಳಗಿರುವ ಇಂಪೋರ್ಟ್ ಸೌಲಭ್ಯದಿಂದ ಇಎಸ್‌ಎಕ್ಸ್‌ಐಯಲ್ಲಿರುವ ವಿಎಂಗಳನ್ನು ನೇರವಾಗಿ ಎಳೆದುಕೊಳ್ಳಬಹುದು. ಎಳೆಯುವ ಮುಂಚೆ ಸ್ನ್ಯಾಪ್‌ಶಾಟ್ ಎಲ್ಲ ಅಳಿಸಿ. ವಿಎಂವೇರ್ ಟೂಲ್ಸ್ ತೆಗೆಯಿರಿ. ವಿಂಡೋಸ್ ಒಳಗೆ, ಕೆವಿಎಂ ಕೊಡುವ ಡಿಸ್ಕ್, ನೆಟ್‌ವರ್ಕ್ ಗುರುತಿಸುವ ವರ್ಟ್‌ಐಒ ಡ್ರೈವರ್ ಹಾಕಿ. ಹೊಸ ಜಾಗದಲ್ಲಿ ಮೊದಲ ಸಲ ಡಿಸ್ಕ್ ಅನ್ನು ಸಾಟಾ ಅಂತಲೇ ಇಟ್ಟು ಬೂಟ್ ಮಾಡಿ, ಆಮೇಲೆ ವರ್ಟ್‌ಐಒಗೆ ಬದಲಿಸಿ. ನೇರವಾಗಿ ಬದಲಿಸಿದರೆ ನೀಲಿ ಪರದೆ ಬರುವ ಸಾಧ್ಯತೆ ಜಾಸ್ತಿ. ಲಿನಕ್ಸ್ ವಿಎಂನಿಂದ ಶುರು ಮಾಡಿ, ಡೊಮೇನ್ ಕಂಟ್ರೋಲರ್ ಮತ್ತು ಎಸ್‌ಕ್ಯೂಎಲ್ ಅನ್ನು ಕೈ ಪಳಗಿದ ಮೇಲೆ ಮುಟ್ಟಿ. ಎಲ್ಲವೂ ವಾರವೊಂದು ಸರಿಯಾಗಿ ಓಡಿದ ಮೇಲೆ ಹಳೇ ಸರ್ವರ್ ಅಳಿಸಿ ಹೊಸದಾಗಿ ಹಾಕಿ. ಆಗ ಡಿಸ್ಕ್‌ಗಳನ್ನು ತಾನೇ ಜೋಡಿಸಿ ನೋಡಿಕೊಳ್ಳುವ ಝಡ್‌ಎಫ್‌ಎಸ್ ಬಳಸುವುದಾದರೆ ರೇಡ್ ಕಾರ್ಡ್ ಅನ್ನು ಎಚ್‌ಬಿಎ ಮೋಡ್‌ಗೆ ಹಾಕಿ, ಝಡ್‌ಎಫ್‌ಎಸ್‌ಗೆ ಡಿಸ್ಕ್‌ಗಳು ನೇರವಾಗಿ ಕಾಣಬೇಕು.

ಎರಡನೇ ಸರ್ವರ್ ಬಗ್ಗೆ ಕೇಳಿದ್ದೀರಿ. ತಗೊಳ್ಳಿ, ಒಳ್ಳೇದೇ. ವಿಸೆಂಟರ್‌ಗೆ ಕೊಡುವ ದುಡ್ಡು ಅಲ್ಲಿ ಹಾಕಿದರೆ ಸಾರ್ಥಕ. ಆದರೆ ಎರಡನ್ನೇ ಸೇರಿಸಿ ಕ್ಲಸ್ಟರ್ ಮಾಡಲು ಆತುರ ಬೇಡ. ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್ ನಡೆಯೋದು ಬಹುಮತದ ಮೇಲೆ. ಇಬ್ಬರಲ್ಲಿ ಒಬ್ಬರು ಸತ್ತರೆ ಉಳಿದವರಿಗೆ ಬಹುಮತ ಇರಲ್ಲ. ಓಡುತ್ತಿರುವ ವಿಎಂಗಳು ಓಡುತ್ತವೆ, ಆದರೆ ಹೊಸದನ್ನು ಶುರು ಮಾಡಲು ಬಿಡಲ್ಲ. ನಿಮಗೆ ಬೇಕಾದ ಹೊತ್ತಲ್ಲೇ ಕೈ ಕಟ್ಟಿದಹಾಗೆ. ಮೂರನೇ ಮತಕ್ಕೆ ಒಂದು ಸಣ್ಣ ಮೆಷಿನ್‌ನಲ್ಲಿ ಕ್ಯೂಡಿವೈಸ್ ಇಟ್ಟರೆ ಸರಿಹೋಗುತ್ತದೆ. ಅಷ್ಟು ಬೇಡ ಅಂದರೆ ಎರಡನ್ನೂ ಬೇರೆ ಬೇರೆಯಾಗಿಯೇ ಇಡಿ. ಒಂದರಲ್ಲಿ ಆರೂ ವಿಎಂ ಓಡಲಿ. ಇನ್ನೊಂದು ಅದೇ ಬ್ಯಾಕಪ್ ಜಾಗವನ್ನು ನೋಡುತ್ತಿರಲಿ. ಮೊದಲನೆಯದು ಹೋದ ದಿನ ಎರಡನೆಯದರಲ್ಲಿ ರೀಸ್ಟೋರ್ ಒತ್ತಿ, ಎಸ್‌ಕ್ಯೂಎಲ್ ಮತ್ತು ಡೊಮೇನ್ ಕಂಟ್ರೋಲರ್ ಮೊದಲು. ಸರ್ವರ್ ಮೂರು ಅಥವಾ ಹೆಚ್ಚಾದಾಗ, ಇಲ್ಲವೇ ಒಂದು ಗಂಟೆಯೂ ನಿಲ್ಲಬಾರದು ಅಂತ ಮಾಲೀಕರು ಹೇಳಿದಾಗ ಕ್ಲಸ್ಟರ್ ಕಟ್ಟುವ ಮಾತಾಡೋಣ. ಆಗಲೂ ಅದಕ್ಕೆ ಬೇಕಾದ ನಿರ್ವಹಣೆ ಪ್ರಾಕ್ಸ್‌ಮಾಕ್ಸ್ ಒಳಗೇ ಇರುತ್ತದೆ, ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ.